ಕಿರುಚಿತ್ರಗಳೂ ಮಕ್ಕಳ ಭಾವಶಿಕ್ಷಣವೂ

ಮಕ್ಕಳಿಗೆ ಅಕ್ಷರವನ್ನೂ ಅಂಕಗಣಿತವನ್ನೂ ಕಲಿಸಲು ಚಲಚ್ಚಿತ್ರಗಳನ್ನು ಬಳಸುವುದು ಹೊಸ ಮಾತಲ್ಲ. ಆದರೆ ಸಿಟ್ಟನ್ನು ತಡೆದುಕೊಳ್ಳುವುದು, ಆಟದಲ್ಲಿ ತನ್ನ ಸರದಿಗಾಗಿ ಕಾಯುವುದು, ಅಳುತ್ತಿರುವ ಗೆಳೆಯನನ್ನು ಸಮಾಧಾನಪಡಿಸುವುದು, ತಪ್ಪು ಮಾಡಿದಾಗ ಒಪ್ಪಿಕೊಳ್ಳುವುದು ಇವನ್ನೂ ಚಿತ್ರಗಳಿಂದಲೇ ಕಲಿಸಿಬಿಡಬಹುದೆಂಬ ನಂಬಿಕೆ ಈಚಿನ ವರ್ಷಗಳಲ್ಲಿ ಬಹು ಬೇಗ ಹಬ್ಬಿದೆ. ಅಂತರ್ಜಾಲದಲ್ಲಿ ಎರಡು ನಿಮಿಷದಿಂದ ಐದು ನಿಮಿಷದವರೆಗಿನ ಇಂಥ ಕಿರುಚಿತ್ರಗಳು ಲೆಕ್ಕವಿಲ್ಲದಷ್ಟು ದೊರೆಯುತ್ತವೆ. ಮನೆಗಳಲ್ಲಿ ಮೊಬೈಲ್ ಫೋನಿನ ಮೇಲೆ, ಶಾಲೆಗಳಲ್ಲಿ ಗೋಡೆಯ ಪರದೆಯ ಮೇಲೆ ಮಕ್ಕಳು ಇವನ್ನು ನೋಡುತ್ತಿದ್ದಾರೆ. ಇದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವವರು ಒಂದೇ ಮಾತಿನ ಉತ್ತರವನ್ನು ಬಯಸುತ್ತಾರೆ. ವಿಜ್ಞಾನದ ಅಭ್ಯಾಸವುಳ್ಳವರು ಕೇಳಬೇಕಾದ ಪ್ರಶ್ನೆ ಬೇರೆ: ಈ ಚಿತ್ರಗಳು ಯಾವ ಸಂದರ್ಭದಲ್ಲಿ ಕಲಿಸುತ್ತವೆ, ಯಾವ ಸಂದರ್ಭದಲ್ಲಿ ಕಲಿಸಲಾರವು?

ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರು. ಮನಶ್ಶಾಸ್ತ್ರ ನಮ್ಮ ವೃತ್ತಿಯಲ್ಲ. ಆದರೂ ಈ ವಿಷಯವನ್ನು ಕುರಿತು ಯೋಚಿಸುವಂತೆ ಮಾಡಿದ್ದು ನಮ್ಮ ಮನೆಯಲ್ಲೇ ನಡೆದ ಒಂದು ಸಣ್ಣ ಪ್ರಸಂಗ. ಪರೀಕ್ಷೆಗಳು ಮುಗಿದು ಉತ್ತರಪತ್ರಿಕೆಗಳ ರಾಶಿ ಮೇಜಿನ ಮೇಲಿದ್ದ ದಿನಗಳು. ಐದು ವರ್ಷದ ಮಗಳ ಕೈಗೆ ಫೋನನ್ನು ಕೊಟ್ಟು, ಸಿಟ್ಟು, ಭಯ, ದುಃಖ ಮುಂತಾದವುಗಳನ್ನು ಕುರಿತ ಒಂದು ಮಾಲೆಯ ಚಿತ್ರಗಳನ್ನು ಹಚ್ಚಿಕೊಟ್ಟಿದ್ದೆವು. ಮಗು ಸುಮ್ಮನಿರುತ್ತದೆ, ಜೊತೆಗೆ ಒಳ್ಳೆಯದನ್ನೂ ಕಲಿಯುತ್ತದೆ ಎಂದು ನಮ್ಮ ಸಮಾಧಾನ. ಒಂದು ಸಂಜೆ ಅವಳ ತಮ್ಮ ಅವಳ ಬಣ್ಣದ ಪೆನ್ಸಿಲನ್ನು ಮುರಿದ. ಅವಳು ಅವನನ್ನು ತಳ್ಳಿದಳು. ಅವನು ಬಾಗಿಲ ಹೊಸ್ತಿಲಿಗೆ ಬಿದ್ದು ಹಣೆಗೆ ಪೆಟ್ಟುಮಾಡಿಕೊಂಡ. ಗದ್ದಲ ಅಡಗಿದ ಮೇಲೆ, "ಸಿಟ್ಟು ಬಂದಾಗ ಏನು ಮಾಡಬೇಕೆಂದು ನೋಡಿದ್ದೆಯಲ್ಲ?" ಎಂದು ಕೇಳಿದೆವು. ಅವಳು ತಡವರಿಸದೆ, "ಹೂವು ಮೂಸಿದ ಹಾಗೆ ಉಸಿರು ಎಳೆದುಕೊಳ್ಳಬೇಕು, ದೀಪ ಆರಿಸಿದ ಹಾಗೆ ಬಿಡಬೇಕು. ಐದು ಸಲ" ಎಂದು ಒಪ್ಪಿಸಿದಳು. "ಮತ್ತೆ ನೀನೇಕೆ ಹಾಗೆ ಮಾಡಲಿಲ್ಲ?" ಎಂದರೆ, "ನನಗೆ ಸಿಟ್ಟು ಬಂದಿರಲಿಲ್ಲ. ಸಿಟ್ಟು ಬಂದರೆ ಮುಖ ಕೆಂಪಾಗುತ್ತೆ, ಕಿವಿಯಲ್ಲಿ ಹೊಗೆ ಬರುತ್ತೆ" ಎಂಬ ಉತ್ತರ ಬಂದಿತು.

ನಗುವಂಥ ಮಾತು, ನಿಜ. ಆದರೆ ಬಿದ್ದವನ ಹಣೆ ಊದಿಕೊಂಡಿತ್ತು. ಮಗಳು ಪಾಠವನ್ನು ಚೆನ್ನಾಗಿಯೇ ಕಲಿತಿದ್ದಳು; ಕಲಿತದ್ದು ಚಿತ್ರದೊಳಗಿನ ಸಿಟ್ಟನ್ನು, ತನ್ನೊಳಗಿನ ಸಿಟ್ಟನ್ನಲ್ಲ. ಆಗ ನಮ್ಮ ತಾಯಿಯವರು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವಳ ಕೈಯನ್ನೇ ತೆಗೆದು ಅವಳ ಎದೆಯ ಮೇಲಿಟ್ಟು, "ಡಬಡಬ ಅಂತಿದೆ ನೋಡು, ಅದೇ ಕಣೇ ಸಿಟ್ಟು" ಎಂದರು. ಮಗು ಬಹಳ ಹೊತ್ತು ಕೈಯನ್ನು ಅಲ್ಲಿಂದ ತೆಗೆಯಲಿಲ್ಲ. ಈ ಅಜ್ಜಿ ಪುರಾಣಕಾಲದವರೆಂದು ವಾಚಕರು ತಿಳಿಯಬೇಕಾಗಿಲ್ಲ. ಮಧ್ಯಾಹ್ನವೆಲ್ಲ ಅಡುಗೆಯ ಚಿತ್ರಗಳನ್ನೂ ಭಜನೆಯ ಚಿತ್ರಗಳನ್ನೂ ಅದೇ ಫೋನಿನಲ್ಲಿ ನೋಡುವವರು. ಫೋನಿನಿಂದಾಗದ ಒಂದು ಕೆಲಸ ಅವರಿಂದ ಆಯಿತು, ಅಷ್ಟೆ. ಆ ಕೆಲಸ ಯಾವುದು ಎಂಬುದೇ ನಮ್ಮ ಲೇಖನದ ವಿಷಯ.

ಮೊದಲು, ನಡೆನುಡಿಯನ್ನೂ ಭಾವನೆಗಳ ಹದವನ್ನೂ ಕ್ರಮವಾಗಿ ಕಲಿಸಬಹುದೆ ಎಂಬ ಸಂಶಯವನ್ನು ಪರಿಹರಿಸಿಕೊಳ್ಳೋಣ. ಇವು ಹುಟ್ಟುಗುಣವೆಂದೂ ಕಲಿಸಿ ಬರುವುವಲ್ಲವೆಂದೂ ಹೇಳುವವರುಂಟು. 2011ರಲ್ಲಿ ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು ಇಂಥ ಶಿಕ್ಷಣವನ್ನು ಕೊಟ್ಟ 213 ಶಾಲಾಯೋಜನೆಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದರು. ಅವುಗಳಲ್ಲಿ ಭಾಗವಹಿಸಿದ್ದ ವಿದ್ಯಾರ್ಥಿಗಳು 2,70,000ಕ್ಕೂ ಹೆಚ್ಚು. ಒಟ್ಟಿನಲ್ಲಿ ಮಕ್ಕಳ ನಡತೆಯೂ ಸುಧಾರಿಸಿತ್ತು, ಓದೂ ಸುಧಾರಿಸಿತ್ತು. ಆದರೆ ಎಲ್ಲ ಯೋಜನೆಗಳೂ ಸಮನಾಗಿ ಫಲಿಸಿರಲಿಲ್ಲ. ಪಾಠಗಳು ಮೆಟ್ಟಿಲುಮೆಟ್ಟಿಲಾಗಿ ಸಾಗಿ, ಮಕ್ಕಳು ಸುಮ್ಮನೆ ಕೇಳದೆ ತಾವೇ ಮಾಡಿ ಅಭ್ಯಾಸಮಾಡಿದ ಕಡೆಗಳಲ್ಲಿ ಫಲ ಹೆಚ್ಚು. ಈ 'ತಾವೇ ಮಾಡಿ' ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಚಿತ್ರಗಳಿಂದ ಮಕ್ಕಳು ಏನನ್ನೂ ಕಲಿಯುವುದಿಲ್ಲವೆಂದು ನಾವು ಹೇಳುವುದಿಲ್ಲ; ಹಾಗೆ ಹೇಳಿದರೆ ಪ್ರಯೋಗಗಳಿಗೆ ವಿರುದ್ಧವಾದೀತು. ಅಮೆರಿಕೆಯ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1961ರಲ್ಲಿ ಪ್ರಕಟಿಸಿದ ಪ್ರಯೋಗ ಬಹು ಪ್ರಸಿದ್ಧವಾದುದು. ದೊಡ್ಡವರೊಬ್ಬರು ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ಅದನ್ನೇ ಅನುಕರಿಸಿದರು. 1963ರಲ್ಲಿ ಅದೇ ದೃಶ್ಯವನ್ನು ಚಲಚ್ಚಿತ್ರದಲ್ಲಿ ತೋರಿಸಿದಾಗಲೂ ಮಕ್ಕಳು ಹಾಗೆಯೇ ನಡೆದುಕೊಂಡರು. ಕೆಡುಕನ್ನು ಕಲಿಸಬಲ್ಲ ಸಾಧನ ಒಳಿತನ್ನೂ ಕಲಿಸಬಲ್ಲುದೆ? ಬಂಡೂರ ಅದನ್ನೂ ಪರೀಕ್ಷಿಸಿದರು. ನಾಯಿಗೆ ಹೆದರುತ್ತಿದ್ದ ಎಳೆಯ ಮಕ್ಕಳೆದುರಿಗೆ, ತಮ್ಮ ಓರಗೆಯ ಹುಡುಗನೊಬ್ಬ ನಾಯಿಯೊಡನೆ ನಿರ್ಭಯವಾಗಿ ಆಡುವುದನ್ನು ನಾಲ್ಕು ದಿನ ತೋರಿಸಲಾಯಿತು. 1967ರಲ್ಲಿ ಪ್ರಕಟವಾದ ಈ ಪ್ರಯೋಗದ ಕೊನೆಯಲ್ಲಿ ಅವರಲ್ಲಿ ಸುಮಾರು ಮೂರರಲ್ಲೆರಡು ಪಾಲು ಮಕ್ಕಳು ನಾಯಿಯಿರುವ ಕಟಕಟೆಯೊಳಕ್ಕೆ ತಾವೇ ಇಳಿದು ನಿಲ್ಲಬಲ್ಲವರಾದರು. ಮರುವರ್ಷ ಚಲಚ್ಚಿತ್ರಗಳಿಂದಲೂ ಭಯ ತಗ್ಗಿದುದನ್ನು ಅವರು ತೋರಿಸಿಕೊಟ್ಟರು. 1975ರಲ್ಲಿ ಬಾರ್ಬರಾ ಮೆಲಮೆಡ್ ಮತ್ತು ಲಾರೆನ್ಸ್ ಸೀಗಲ್ ಎಂಬವರು ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಿದ ಮಕ್ಕಳಿಗೆ, ಅಂಥದೇ ಚಿಕಿತ್ಸೆಗೆ ಬಂದ ಬಾಲಕನೊಬ್ಬನ ಕಿರುಚಿತ್ರವನ್ನು ತೋರಿಸಿದರು. ಅದನ್ನು ನೋಡಿದ ಮಕ್ಕಳ ಕಳವಳ, ನೋಡದ ಮಕ್ಕಳದಕ್ಕಿಂತ ಕಡಿಮೆಯಾಗಿತ್ತು.

ಆದುದರಿಂದ ಕಿರುಚಿತ್ರಕ್ಕೆ ಶಕ್ತಿಯುಂಟು. ಆ ಶಕ್ತಿಯ ಮೇರೆ ಎಲ್ಲಿಯವರೆಗೆ? ನಾಯಿಯ ಭಯ, ಆಸ್ಪತ್ರೆಯ ಭಯ ಇವು ಎದುರಿಗೆ ಕಾಣುವ ಒಂದು ನಿರ್ದಿಷ್ಟ ವಸ್ತುವನ್ನೋ ಸ್ಥಳವನ್ನೋ ಕುರಿತವು. ಏನು ನಡೆಯಲಿದೆ ಎಂಬುದನ್ನು ಮೊದಲೇ ತೋರಿಸಿದರೆ ಅರ್ಧ ಭಯ ಅಲ್ಲಿಗೇ ಹೋಗುತ್ತದೆ. 'ಇತರರಿಗೆ ದಯೆ ತೋರಬೇಕು' ಎಂಬಂಥ ಪಾಠ ಹಾಗಲ್ಲ. ಅದನ್ನು ಚಿತ್ರದಲ್ಲಿ ಕಂಡ ಒಂದು ಸಂದರ್ಭದಿಂದ ಬಿಡಿಸಿಕೊಂಡು ಕಾಣದ ನೂರು ಸಂದರ್ಭಗಳಿಗೆ ಹೊಂದಿಸಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮೇರಿ ಲೂಯಿಸ್ ಮೇರ್ಸ್ ಮತ್ತು ಎಮಿಲಿ ಅಕೋಸ್ಟ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹಳ ಬೋಧಪ್ರದ. ಮೂರು ಕಾಲಿನ ನಾಯಿಯೊಂದನ್ನು ಉಳಿದ ನಾಯಿಗಳು ಮೊದಲು ದೂರವಿಟ್ಟು ಆಮೇಲೆ ಸ್ನೇಹದಿಂದ ಬರಮಾಡಿಕೊಳ್ಳುವ ಒಂದು ವ್ಯಂಗ್ಯಚಿತ್ರಕಥೆಯನ್ನು ಶಿಶುವಿಹಾರದ ಮಕ್ಕಳಿಗೆ ತೋರಿಸಿದರು. ಅಂಗವೈಕಲ್ಯವುಳ್ಳವರನ್ನೂ ಬೇರೆಯಾಗಿ ಕಾಣುವವರನ್ನೂ ನಮ್ಮವರೆಂದು ಕಾಣಬೇಕೆಂಬುದು ಕಥೆಯ ಉದ್ದೇಶ. ಕಥೆಯ ನೀತಿಯೇನೆಂದು ಕೇಳಿದಾಗ ಬಹುಮಂದಿ ಮಕ್ಕಳು ಹೇಳಿದ್ದು ನಾಯಿಗಳ ಮಾತನ್ನೇ: ಮೂರು ಕಾಲಿನ ನಾಯಿಯನ್ನು ಕಂಡರೆ ಒಳ್ಳೆಯದಾಗಿ ನಡೆದುಕೊಳ್ಳಬೇಕು! ಮನುಷ್ಯರವರೆಗೆ ಆ ನೀತಿ ಬರಲೇ ಇಲ್ಲ. ನಮ್ಮ ಮನೆಯ ಹುಡುಗಿಯ ಕಿವಿಯ ಹೊಗೆಯೂ ಇದೇ ಜಾತಿಯದು.

ಇದಕ್ಕಿಂತ ಮೂಲಭೂತವಾದ ಇನ್ನೊಂದು ಕೊರತೆಯುಂಟು. 2003ರಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳಿನ ಅಮೆರಿಕನ್ ಶಿಶುಗಳಿಗೆ ಚೀನೀ ಭಾಷೆಯ ಧ್ವನಿಗಳನ್ನು ಕೇಳಿಸಿದರು. ಎದುರಿಗೆ ಕುಳಿತು ಆಡಿಸುತ್ತ ಮಾತನಾಡಿದವರಿಂದ ಶಿಶುಗಳು ಆ ಧ್ವನಿಭೇದಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಪರದೆಯ ಮೇಲಿನಿಂದ ಬಂದಾಗ ಕಲಿಯಲಿಲ್ಲ. 2014ರ ಮತ್ತೊಂದು ಪ್ರಯೋಗ ಈ ಭೇದದ ಕಾರಣವನ್ನು ಇನ್ನೂ ಸ್ಪಷ್ಟಪಡಿಸಿತು. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಪರದೆಯ ಮೇಲಿನ ವ್ಯಕ್ತಿ ತಮ್ಮ ಮಾತಿಗೆ ಆ ಕ್ಷಣದಲ್ಲೇ ಉತ್ತರ ಕೊಡುತ್ತಿದ್ದಾಗ ಹೊಸ ಪದಗಳನ್ನು ಕಲಿತರು. ಮೊದಲೇ ಚಿತ್ರೀಕರಿಸಿದ ಮಾತುಗಳಿಂದ ಕಲಿಯಲಿಲ್ಲ. ಎಂದರೆ ತೊಡಕು ಪರದೆಯ ಗಾಜಿನಲ್ಲಿಲ್ಲ. ಮಗುವಿನ ಚೇಷ್ಟೆಗೆ ಮರುಚೇಷ್ಟೆ ಇಲ್ಲದಿರುವುದರಲ್ಲಿದೆ. ದೂರದೂರಿನ ಅಜ್ಜ ಫೋನಿನ ಪರದೆಯ ಮೇಲೆ ಬಂದು ಮೊಮ್ಮಗನೊಡನೆ ಮಾತನಾಡುವುದಕ್ಕೂ ಅದೇ ಪರದೆಯ ಮೇಲೆ ಓಡುವ ಕಿರುಚಿತ್ರಕ್ಕೂ ಇರುವ ಅಂತರ ಇದೇ.

ನಮ್ಮ ಶಾಸ್ತ್ರದ ಒಂದು ಸುಲಭ ಪ್ರಯೋಗದಿಂದ ಇದನ್ನು ತಿಳಿಸಬಹುದು. ಅಡ್ಡಲಾಗಿ ಕಟ್ಟಿದ ಒಂದೇ ದಾರದಿಂದ ಸಮ ಉದ್ದದ ಎರಡು ಲೋಲಕಗಳನ್ನು ಇಳಿಬಿಡಿರಿ. ಒಂದನ್ನು ಮಾತ್ರ ತೂಗಿಸಿರಿ. ಸ್ವಲ್ಪ ಹೊತ್ತಿನಲ್ಲಿ ಎರಡನೆಯದು ತಾನಾಗಿ ಓಲಾಡತೊಡಗುತ್ತದೆ. ಮೊದಲನೆಯದು ಮೆಲ್ಲಗಾಗುತ್ತ ನಿಲ್ಲುತ್ತದೆ. ಆಮೇಲೆ ಚಲನೆ ಎರಡನೆಯದರಿಂದ ಮೊದಲನೆಯದಕ್ಕೆ ಹಿಂತಿರುಗುತ್ತದೆ. ಹೀಗೆ ಶಕ್ತಿ ಇತ್ತಿಂದತ್ತ ಅತ್ತಿಂದಿತ್ತ ಹರಿದಾಡಲು ಕಾರಣ ನಡುವಣ ದಾರ. ಗೋಡೆಯ ಮೇಲೆ ಲೋಲಕದ ಚಲಚ್ಚಿತ್ರವನ್ನು ಎಷ್ಟು ಸೊಗಸಾಗಿ ಓಡಿಸಿದರೂ ಪಕ್ಕದ ಲೋಲಕ ಅಲುಗುವುದಿಲ್ಲ. ಮಕ್ಕಳು ಲೋಲಕಗಳಲ್ಲ, ಬಲ್ಲೆವು. ಚಿತ್ರವನ್ನು ನೋಡಿ ಅವರು ನಗುತ್ತಾರೆ, ಅಳುತ್ತಾರೆ. ಆದರೆ ಚಿತ್ರ ಅವರನ್ನು ನೋಡುವುದಿಲ್ಲ. ಅವರು ನೊಂದರೆ ಅದು ನಿಲ್ಲುವುದಿಲ್ಲ, ಅವರು ತಪ್ಪು ತಿಳಿದರೆ ತಿದ್ದುವುದಿಲ್ಲ. ಇನ್ನೊಬ್ಬರೊಡನೆ ಹೊಂದಿ ನಡೆಯುವ ವಿದ್ಯೆಯನ್ನು ಇನ್ನೊಬ್ಬರಿಲ್ಲದೆ ಪೂರ್ತಿಯಾಗಿ ಕಲಿಯುವುದು ಹೇಗೆ?

ನೋಡುವುದಕ್ಕೂ ಮಾಡುವುದಕ್ಕೂ ಇರುವ ಅಂತರವನ್ನು ನಾವು ಪ್ರತಿವರ್ಷವೂ ಪ್ರಯೋಗಶಾಲೆಯಲ್ಲಿ ಕಾಣುತ್ತೇವೆ. ಲೋಲಕದಿಂದ ಗುರುತ್ವದ ವೇಗೋತ್ಕರ್ಷವನ್ನು ಕಂಡುಹಿಡಿಯುವ ಪ್ರಯೋಗದ ಚಿತ್ರವನ್ನು ವಿದ್ಯಾರ್ಥಿಗಳು ಮನೆಯಲ್ಲೇ ನೋಡಿಕೊಂಡು ಬರುತ್ತಾರೆ. ತಿಳಿಯಿತೆ ಎಂದರೆ ಎಲ್ಲರೂ ತಲೆದೂಗುತ್ತಾರೆ. ಕೈಗೆ ನಿಲುಗಡಿಯಾರ ಬಂದೊಡನೆ ಹಲವರು ಗಡಿಯಾರವನ್ನು ಒತ್ತುತ್ತಲೇ 'ಒಂದು' ಎಂದು ಎಣಿಸತೊಡಗುತ್ತಾರೆ. ಎಣಿಸಬೇಕಾದುದು ಸೊನ್ನೆಯಿಂದ. ಇಪ್ಪತ್ತು ಆಂದೋಲನಗಳೆಂದು ಬರೆದುದು ನಿಜವಾಗಿ ಹತ್ತೊಂಬತ್ತೇ ಆಗಿ, 9.8 ಬರಬೇಕಾದ ಬೆಲೆ ಸುಮಾರು 10.9 ಎಂದು ಬರುತ್ತದೆ. ಚಿತ್ರದಲ್ಲಿ ಸೊನ್ನೆಯಿಂದಲೇ ಎಣಿಸಿರುತ್ತಾರೆ; ನೋಡುವವನ ಕಣ್ಣಿಗೆ ಅದು ಬೀಳುವುದಿಲ್ಲ. ತನ್ನ ತಪ್ಪನ್ನು ತಾನೇ ಮಾಡಿ, ಪಕ್ಕದಲ್ಲಿ ನಿಂತವರು ತೋರಿಸಿದ ಮೇಲೆಯೇ ಪಾಠ ಕೈಗೆ ಹತ್ತುವುದು. ಲೋಲಕದ ವಿಷಯದಲ್ಲೇ ಹೀಗಾದರೆ ಸಿಟ್ಟಿನ ವಿಷಯದಲ್ಲಿ ಹೇಳಬೇಕಾದುದೇನು?

ಹಾಗಾದರೆ ಕಿರುಚಿತ್ರಗಳನ್ನು ಬಿಟ್ಟುಬಿಡಬೇಕೆ? ಬೇಡ. ಅವನ್ನು ಒಳ್ಳೆಯ ರೀತಿಯಲ್ಲಿ ಬಳಸಿದವರ ಮಾದರಿ ನಮ್ಮೆದುರಿಗಿದೆ. ಅಮೆರಿಕೆಯ ಮಕ್ಕಳ ಕಾರ್ಯಕ್ರಮ 'ಸೆಸಮಿ ಸ್ಟ್ರೀಟ್' 1969ರಲ್ಲಿ ಮೊದಲಾಯಿತು. ಅದರಲ್ಲಿ ಅಂಗಡಿಯ ಹೂಪರ್ ಎಂಬ ಪಾತ್ರವನ್ನು ವಹಿಸುತ್ತಿದ್ದ ನಟ ವಿಲ್ ಲೀ 1982ರ ಡಿಸೆಂಬರಿನಲ್ಲಿ ತೀರಿಕೊಂಡರು. ಪಾತ್ರವನ್ನು ಇನ್ನೊಬ್ಬರಿಗೆ ಕೊಟ್ಟು ವಿಷಯವನ್ನು ಮರೆಸಬಹುದಾಗಿತ್ತು. ತಯಾರಕರು ಹಾಗೆ ಮಾಡಲಿಲ್ಲ. ಹೂಪರ್ ತೀರಿಕೊಂಡರೆಂದೂ ಅವರಿನ್ನು ಬರುವುದಿಲ್ಲವೆಂದೂ ಬಿಗ್ ಬರ್ಡ್ ಎಂಬ ಹಕ್ಕಿಗೆ ದೊಡ್ಡವರು ನೇರವಾಗಿ ತಿಳಿಸುವ ಸಂಚಿಕೆಯೊಂದನ್ನು ಸಿದ್ಧಪಡಿಸಿದರು. ಅದನ್ನು ಪ್ರಸಾರಮಾಡಲು ಆರಿಸಿದ ದಿನ 1983ರ ನವೆಂಬರ್ 24. ಅಂದು ಆ ದೇಶದ ಕೃತಜ್ಞತಾ ಹಬ್ಬ. ತಂದೆತಾಯಿಗಳು ಮನೆಯಲ್ಲಿರುತ್ತಾರೆ, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಲು ಜನರಿರುತ್ತಾರೆ ಎಂಬುದೇ ಆ ಆಯ್ಕೆಯ ಕಾರಣ. ತಾವು ತಯಾರಿಸಿದ ಚಿತ್ರ ಪಾಠದ ಅರ್ಧವೇ ಹೊರತು ಪೂರ್ತಿಯಲ್ಲವೆಂಬುದು ಅದನ್ನು ತಯಾರಿಸಿದವರಿಗೇ ಗೊತ್ತಿತ್ತು.

ಈ ತಿಳಿವಳಿಕೆಗೆ ಅಳತೆಯ ಆಧಾರವೂ ಆಮೇಲೆ ದೊರೆಯಿತು. ಭಾವನೆಗಳನ್ನೇ ವಸ್ತುವಾಗಿ ಉಳ್ಳ 'ಡೇನಿಯಲ್ ಟೈಗರ್' ಎಂಬ ಕಾರ್ಯಕ್ರಮವನ್ನು ಎರಡರಿಂದ ಆರು ವರ್ಷದ 127 ಮಕ್ಕಳ ಮೇಲೆ ಪರೀಕ್ಷಿಸಿದ ಫಲಿತಾಂಶವನ್ನು ಎರಿಕ್ ರಾಸ್ಮುಸ್ಸೆನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದರು. ಎರಡು ವಾರದಲ್ಲಿ ಹತ್ತು ಸಂಚಿಕೆಗಳನ್ನು ನೋಡಿದ ಮಕ್ಕಳಲ್ಲಿ ಪರರ ನೋವನ್ನು ಅರಿಯುವ ಗುಣವೂ ಮುಖಭಾವವನ್ನು ಗುರುತಿಸುವ ಶಕ್ತಿಯೂ ಹೆಚ್ಚಿದವು, ಆದರೆ ಎಲ್ಲರಲ್ಲಲ್ಲ. ನೋಡಿದ ಕಾರ್ಯಕ್ರಮಗಳನ್ನು ಕುರಿತು ಮಕ್ಕಳೊಡನೆ ಮಾತನಾಡುವ ವಾಡಿಕೆ ತಂದೆತಾಯಿಗಳಿಗೆ ಇದ್ದ ಮನೆಗಳ ಮಕ್ಕಳಲ್ಲಿ ಮಾತ್ರ. ಆ ಮಾತುಕತೆ ಇಲ್ಲದ ಮನೆಗಳಲ್ಲಿ ಅದೇ ಒಳ್ಳೆಯ ಕಾರ್ಯಕ್ರಮದಿಂದ ಲಾಭ ಕಂಡುಬರಲಿಲ್ಲ.

ನಮ್ಮ ನಾಡಿನ ಅನುಭವವೊಂದನ್ನೂ ಇಲ್ಲಿ ನೆನೆಯಬಹುದು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಉಪಗ್ರಹದ ಮೂಲಕ ಭಾರತದ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನ ಕಾರ್ಯಕ್ರಮಗಳನ್ನು ಕಳುಹಿಸಿದ ಪ್ರಯೋಗದಲ್ಲಿ ಕರ್ನಾಟಕದ ಅಂದಿನ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳೂ ಸೇರಿದ್ದವು. ಬೆಳಗಿನ ಹೊತ್ತು ಶಾಲೆಯ ಮಕ್ಕಳಿಗಾಗಿ ಕನ್ನಡದಲ್ಲಿ ಕಾರ್ಯಕ್ರಮ ಬರುತ್ತಿತ್ತು. ಅಂದಿನ ಏರ್ಪಾಡಿಗೂ ಇಂದಿನದಕ್ಕೂ ಇರುವ ಒಂದು ವ್ಯತ್ಯಾಸ ಗಮನಾರ್ಹ. ಅಂದು ಊರಿಗೊಂದೇ ಪೆಟ್ಟಿಗೆ. ಮಕ್ಕಳೆಲ್ಲರೂ ಒಟ್ಟಿಗೆ ಕುಳಿತು ನೋಡಬೇಕಾಗಿತ್ತು. ಹೊತ್ತು ಮುಗಿದೊಡನೆ ಕಾರ್ಯಕ್ರಮವೂ ಮುಗಿಯುತ್ತಿತ್ತು. ಉಳಿಯುತ್ತಿದ್ದವರು ಉಪಾಧ್ಯಾಯರು ಮತ್ತು ಮಕ್ಕಳು. ಇಂದು ಒಂದು ಚಿತ್ರ ಮುಗಿಯುವುದರೊಳಗೆ ಮತ್ತೊಂದು ತಾನಾಗಿ ಮೊದಲಾಗುತ್ತದೆ; ನೋಡುವ ಮಗುವೂ ಒಂಟಿ. ನೋಡಿದ್ದನ್ನು ಮನಸ್ಸಿನಲ್ಲಿ ತಿರುವಿ, ಪಕ್ಕದವರನ್ನು ಕೇಳಿ, ಮಾಡಿ ನೋಡುವುದಕ್ಕೆ ಬೇಕಾದ ಬಿಡುವನ್ನೇ ಈ ಏರ್ಪಾಡು ಕಿತ್ತುಕೊಳ್ಳುತ್ತದೆ. ದಯೆಯನ್ನು ಕುರಿತ ಹತ್ತು ಚಿತ್ರಗಳನ್ನು ಬಿಡುವಿಲ್ಲದೆ ನೋಡುವ ಮಗು ದಯೆಯನ್ನು ಒಂದು ಸಲವೂ ಅಭ್ಯಾಸಮಾಡಿರುವುದಿಲ್ಲ.

ಇಲ್ಲಿ ಕೆಲವರು ಆಕ್ಷೇಪಿಸಬಹುದು. ಮೊದಲನೆಯದಾಗಿ, ಅರುವತ್ತು ಮಕ್ಕಳ ತರಗತಿಯಲ್ಲಿ ಉಪಾಧ್ಯಾಯರಿಗೂ, ದುಡಿದು ದಣಿದು ಬರುವ ತಂದೆತಾಯಿಗಳಿಗೂ ವೇಳೆ ಎಲ್ಲಿದೆ? ಈ ಕಷ್ಟ ನಿಜವಾದುದು. ನಾವೇ ಅದಕ್ಕೆ ಸಾಕ್ಷಿ. ಆದರೆ ನಾವು ಕೇಳುತ್ತಿರುವುದು ಹೆಚ್ಚಿನ ವೇಳೆಯನ್ನಲ್ಲ. ದಿನಕ್ಕೆ ನಾಲ್ಕು ಚಿತ್ರಗಳನ್ನು ತೋರಿಸುವಷ್ಟು ಹೊತ್ತಿನಲ್ಲಿ ಒಂದನ್ನು ತೋರಿಸಿ ಉಳಿದ ಹೊತ್ತು ಮಾತನಾಡಬಹುದು. ಎರಡನೆಯದಾಗಿ, ಮಾತನಾಡಿಸುವವರೇ ಇಲ್ಲದ ಮನೆಯ ಮಗುವಿಗೆ ಏನೂ ಇಲ್ಲದುದಕ್ಕಿಂತ ಚಿತ್ರವಾದರೂ ಲೇಸಲ್ಲವೆ? ಕೆಲವು ವಿಷಯಗಳಲ್ಲಿ ಲೇಸೆಂದು ಆಸ್ಪತ್ರೆಯ ಚಿತ್ರದ ಪ್ರಯೋಗವೇ ಹೇಳುತ್ತದೆ, ಒಪ್ಪೋಣ. ಆದರೆ ಅಂಥ ಮಗುವಿಗೆ ನಿಜವಾಗಿ ಬೇಕಾದುದು ಜನ. ಚಿತ್ರವನ್ನು ಕೊಟ್ಟು ಆ ಸಾಲ ತೀರಿತೆಂದು ನಾವು ಭಾವಿಸಿದರೆ, ಎಲ್ಲರಿಗಿಂತ ಹೆಚ್ಚಾಗಿ ನಷ್ಟಪಡುವುದು ಅದೇ ಮಗು.

ಭಾಷೆಯ ಮಾತನ್ನೂ ಹೇಳಲೇಬೇಕು. ಈ ಚಿತ್ರಗಳಲ್ಲಿ ಬಹುಪಾಲು ಇಂಗ್ಲಿಷಿನವು, ಇಲ್ಲವೆ ಅದರಿಂದ ಕನ್ನಡಕ್ಕೆ ಇಳಿಸಿದವು. ನಾಲ್ಕು ಮುಖಗಳನ್ನು ಬರೆದು ಸಂತೋಷ, ದುಃಖ, ಕೋಪ, ಭಯ ಎಂದು ಹೆಸರಿಡುತ್ತಾರೆ. ನಮ್ಮ ಮನೆಗಳ ಭಾಷೆಯಾದರೋ ಇದಕ್ಕಿಂತ ಸೂಕ್ಷ್ಮವಾದುದು. ಮುನಿಸು ಸಿಟ್ಟಲ್ಲ, ಅದು ಬೇಕಾದವರ ಮೇಲೆ ಮಾತ್ರ ಬರುವುದು, ಅವರು ಬಂದು ಕರೆಯಲೆಂದು ಕಾಯುವುದು. ಅಳುಕು ಭಯವಲ್ಲ, ಕೊರಗು ದುಃಖವಷ್ಟೇ ಅಲ್ಲ. ಮುನಿಸಿಕೊಂಡು ಕದದ ಹಿಂದೆ ಕುಳಿತ ಮಗುವಿಗೆ 'ನಿನಗೆ ಕೋಪ ಬಂದಿದೆ, ಐದು ಸಲ ಉಸಿರಾಡು' ಎಂದರೆ ಔಷಧ ತಪ್ಪಿದಂತೆ. ಈ ಪದಗಳು ಮಗುವಿಗೆ ತಿಳಿಯುವುದು ಅವನ್ನು ಆಡುವವರ ಬಾಯಿಂದ, ಆಯಾ ಹೊತ್ತಿನಲ್ಲಿ.

ನಮ್ಮ ಸಲಹೆ ಸರಳವಾದುದು. ಮೊದಲು, ತೀರ ಎಳೆಯರಿಗೆ ಇವು ಬೇಡ. ಒಂದು ವರ್ಷದ ಮಗುವಿಗೆ ಪರದೆ ಸಲ್ಲದೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ, ಕಡಿಮೆಯಾದಷ್ಟೂ ಒಳ್ಳೆಯದೆಂದೂ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಎರಡನೆಯದಾಗಿ, ದೊಡ್ಡವರು ಚಿತ್ರವನ್ನು ಮೊದಲು ತಾವು ನೋಡಿರಬೇಕು. ಜಗಳವನ್ನು ನಾಲ್ಕು ನಿಮಿಷ ತೋರಿಸಿ ರಾಜಿಯನ್ನು ಅರ್ಧ ನಿಮಿಷದಲ್ಲಿ ಮುಗಿಸುವ ಚಿತ್ರ ಕಲಿಸುವುದು ಜಗಳವನ್ನೇ. ಮೂರನೆಯದಾಗಿ, ಕಥೆಯ ನಟ್ಟನಡುವೆ ಒಮ್ಮೆ ನಿಲ್ಲಿಸಿ, 'ಈಗ ಅವಳಿಗೆ ಹೇಗನ್ನಿಸುತ್ತಿರಬಹುದು? ನಿನಗೆ ಎಂದಾದರೂ ಹಾಗೆ ಆಗಿತ್ತೆ? ನೀನಾಗಿದ್ದರೆ ಏನು ಮಾಡುತ್ತಿದ್ದೆ?' ಎಂದು ಕೇಳಬೇಕು. ಮಗು ತಪ್ಪು ಉತ್ತರ ಹೇಳಿದರೆ ಗದರಬಾರದು. ಪಾಠ ಮೊದಲಾಗುವುದು ಆ ತಪ್ಪಿನಿಂದಲೇ. ನಾಲ್ಕನೆಯದಾಗಿ, ಮುಗಿದ ಮೇಲೆ ಫೋನನ್ನು ಆರಿಸಿ, ಅದೇ ಸನ್ನಿವೇಶವನ್ನು ಮಕ್ಕಳೇ ಆಡಿ ತೋರಿಸಲಿ. ತಳ್ಳಿದವನು ಬಿದ್ದವನ ಪಾತ್ರವನ್ನು ವಹಿಸಲಿ. ಇದಕ್ಕೆ ವಿಶೇಷ ತರಬೇತಿಯಾಗಲಿ ಹಣವಾಗಲಿ ಬೇಕಾಗಿಲ್ಲ.

ನಮ್ಮ ಮನೆಯಲ್ಲಿ ಈಗಲೂ ಆ ಚಿತ್ರಗಳುಂಟು; ದಿನಕ್ಕೆ ಒಂದು, ಉತ್ತರಪತ್ರಿಕೆಗಳನ್ನು ಕಟ್ಟಿಟ್ಟ ಮೇಲೆ. ಮಗಳು ಸಿಟ್ಟಾಗುವುದನ್ನು ಬಿಟ್ಟಿದ್ದಾಳೆಂದು ಹೇಳಿದರೆ ಸುಳ್ಳಾದೀತು. ಮೊನ್ನೆ ತಮ್ಮ ಮತ್ತೆ ಅವಳ ಚಿತ್ರದ ಹಾಳೆಯನ್ನು ಹರಿದ. ಅವಳು ಕೈ ಎತ್ತಿದವಳು ನಡುವೆಯೇ ತಡೆದು, ಅದೇ ಕೈಯನ್ನು ತನ್ನ ಎದೆಯ ಮೇಲಿಟ್ಟುಕೊಂಡು ಒಂದು ಗಳಿಗೆ ನಿಂತಳು. ಆಮೇಲೆ ಅವನ ಬೆನ್ನಿಗೆ ಒಂದು ಗುದ್ದು ಹಾಕಿಯೇಬಿಟ್ಟಳು. ಗುದ್ದು ಮೆಲ್ಲಗಿತ್ತು, ತಮ್ಮ ಅಳಲಿಲ್ಲ.